ಭಂಡಾರಿ ಬಸವಣ್ಣನ ಸ್ಟೀಲ್ ನಾಣ್ಯಕ್ಕೆ ಬೆಲೆ ಎಷ್ಟು?

ರಜೆಗೆ ಬಳ್ಳಾರಿ ಪಕ್ಕದ ಹಲಕುಂದಿಗೋ ಕುರುಗೋಡಿಗೋ ಹೋದ ಮಕ್ಕಳಿಗೆ ಅಜ್ಜಿಯ ಡಬ್ಬಿಯಲ್ಲಿ ಬಿಳಿ ಚಿಲ್ಲರೆ ಸಿಗುವುದುಂಟು: ಘೇಂಡಾಮೃಗದ ನಾಲ್ಕಾಣೆ, ಸಂಸತ್ ಭವನದ ಎಂಟಾಣೆ, ಅದೃಷ್ಟವಿದ್ದರೆ ಬಸವಣ್ಣನ 5 ರೂಪಾಯಿ. ಹಳೆಯದು, ಹಾಗಾಗಿ ದುಬಾರಿ ಎಂಬ ಲೆಕ್ಕ ಕೂಡಲೇ ಶುರುವಾಗುತ್ತದೆ. ಈ ಲೆಕ್ಕ ತಪ್ಪು. 1988ರಿಂದ 10, 25, 50 ಪೈಸೆಗಳನ್ನೂ 1992ರಿಂದ 1 ರೂಪಾಯಿಯನ್ನೂ ಸ್ಟೀಲಿನಲ್ಲಿ ಟಂಕಿಸಿದ್ದು ದಿನದ ವ್ಯವಹಾರಕ್ಕೆ, ಕೋಟಿಗಟ್ಟಲೆ. ನಾಲ್ಕಾಣೆಯ ಚಲಾವಣೆ 2011ರ ಜೂನ್ 30ಕ್ಕೆ ನಿಂತಿತು ನಿಜ. ಅಂಗಡಿಯವನು ಬೇಡವೆಂದ ಮಾತ್ರಕ್ಕೆ ಅದು ಅಪರೂಪವಾಗುವುದಿಲ್ಲ, ಮನೆಮನೆಯ ಡಬ್ಬಿಗಳಲ್ಲಿ ಅದು ಹಾಗೇ ಕೂತಿದೆ.

ಹಾಗಾದರೆ ನೋಡಬೇಕಾದ್ದು ಏನು? ಮೊದಲು ಸವೆತ. ಈ ಸ್ಟೀಲಿನಲ್ಲಿ ನೂರಕ್ಕೆ ಸುಮಾರು 83 ಪಾಲು ಕಬ್ಬಿಣ, 17 ಪಾಲು ಕ್ರೋಮಿಯಂ. ಬರಿಯ ಕಬ್ಬಿಣವಾಗಿದ್ದರೆ ತುಕ್ಕು ತಿಂದುಬಿಡುತ್ತಿತ್ತು, ಕ್ರೋಮಿಯಂ ಅದರ ಮೇಲೆ ತೆಳುವಾದ ಪೊರೆ ಕಟ್ಟಿ ಕಾಯುತ್ತದೆ. ತಾಮ್ರದ ಕಾಸಿನಂತೆ ಇದು ಕಪ್ಪಾಗಿ ವಯಸ್ಸು ಹೇಳುವುದಿಲ್ಲ, ಆದ್ದರಿಂದ ಹೊಳಪು ಸಾಕ್ಷಿಯಲ್ಲ. ನಾಲ್ಕಾಣೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ಘೇಂಡಾಮೃಗದ ಹೆಗಲಿನ ಮಡಿಕೆ ನೋಡಿ. ಉಬ್ಬಿದ ಭಾಗವೇ ಮೊದಲು ಸವೆಯುವುದು. ಇನ್ನೊಂದು ಬದಿಯಲ್ಲಿ ಸಿಂಹಗಳ ಕೇಸರದ ಗೆರೆಗಳು ಎಣಿಸುವಂತಿದ್ದರೆ ಅದು ಹೆಚ್ಚು ಕೈ ಬದಲಿಸಿಲ್ಲ. ರಂಗೋಲಿ ಪುಡಿ ಹಾಕಿ ತಿಕ್ಕಿದ ನಾಣ್ಯ ಫಳಫಳಿಸಬಹುದು, ಆದರೆ ಭೂತಗನ್ನಡಿಯಲ್ಲಿ ನವಿರಾದ ಗೀರುಗಳು ಬಲೆಯಂತೆ ಕಾಣುತ್ತವೆ. ಸಂಗ್ರಾಹಕರ ಕಣ್ಣಿಗೆ ಅದು ಕೆಟ್ಟ ನಾಣ್ಯ.

ಎರಡನೆಯದು ಇಸವಿಯ ಕೆಳಗಿನ ಗುರುತು: ವಜ್ರಾಕೃತಿ ಮುಂಬೈಯದು, ನಕ್ಷತ್ರ ಹೈದರಾಬಾದಿನದು, ಚುಕ್ಕೆ ನೋಯ್ಡಾದ್ದು, ಏನೂ ಇಲ್ಲದಿದ್ದರೆ ಕೋಲ್ಕತ್ತ. 1988ರ ಕೆಲವು ನಾಲ್ಕಾಣೆಗಳಲ್ಲಿ ‘ಸಿ’ ಅಕ್ಷರವಿರುತ್ತದೆ. ಅವು ಕೆನಡಾದ ಒಟ್ಟಾವಾದಲ್ಲಿ ಟಂಕಿಸಿದವು. ಹಾಗಿದ್ದರೆ ಲಕ್ಷಗಟ್ಟಲೆ ಕೊಡುತ್ತಾರೆಂಬ ವಿಡಿಯೊಗಳು ಸುಳ್ಳೇ ಎಂದು ಕೇಳಬಹುದು. ಟಂಕಸಾಲೆಯಲ್ಲೇ ಅಚ್ಚು ಸರಿದ ನಾಣ್ಯಕ್ಕೆ ಹೆಚ್ಚು ಕೊಡುವವರಿದ್ದಾರೆ, ಸುತ್ತಿಗೆ ಏಟು ತಿಂದದ್ದಕ್ಕಲ್ಲ. ಆದರೆ ಮಾರುವ ಮುನ್ನವೇ ಕಮಿಷನ್ ಕೇಳಿದರೆ ಅದು ಮೋಸ; ತನ್ನ ಹೆಸರು ಬಳಸಿ ಹೀಗೆ ದುಡ್ಡು ಕೀಳುವವರ ಬಗ್ಗೆ ರಿಸರ್ವ್ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿತ್ತು.

ಬಸವಣ್ಣನ ನಾಣ್ಯದ ವಿಷಯದಲ್ಲಿ ಮಾತ್ರ ದೊಡ್ಡವರು ಒಂದು ಆಕ್ಷೇಪ ತೆಗೆಯುತ್ತಾರೆ: ಅಂಥ ಮಹಾತ್ಮನ ಮುಖಕ್ಕೆ ಬೆಲೆ ಕಟ್ಟುವುದೇ? 12ನೇ ಶತಮಾನದ ಈ ವಚನಕಾರ ಕಲ್ಯಾಣದಲ್ಲಿ ದೊರೆ ಬಿಜ್ಜಳನ ಭಂಡಾರದ ಲೆಕ್ಕ ನೋಡಿದವರು, ಅದಕ್ಕೇ ‘ಭಂಡಾರಿ’. ದುಡಿದದ್ದನ್ನು ಹಂಚಿ ತಿನ್ನಬೇಕೆಂದವರು. ನಾಣ್ಯವನ್ನು ಸರಿಯಾಗಿ ತೂಗಿ ನೋಡಿದರೆ ಭಂಡಾರಿಗೆ ಅವಮಾನವಾಗಲಾರದು! 2006ರ ಈ 5 ರೂಪಾಯಿ ಎರಡು ಲೋಹಗಳಲ್ಲಿದೆ: ತಾಮ್ರ-ನಿಕ್ಕಲಿನದು ಸುಮಾರು 9 ಗ್ರಾಂ, ಸ್ಟೀಲಿನದು 6 ಗ್ರಾಂ. ಫ್ರಿಜ್ಜಿನ ಮ್ಯಾಗ್ನೆಟ್ ಹಿಡಿದರೆ ಸ್ಟೀಲು ಅಂಟಿಕೊಳ್ಳುತ್ತದೆ, ಇನ್ನೊಂದು ಅಂಟುವುದಿಲ್ಲ. ಮನೆಯಲ್ಲಿದ್ದರೆ ಬಸವ ಜಯಂತಿಗೆ ಹೊರತೆಗೆದು ನೋಡಿ, ಅಂಚನ್ನಷ್ಟೇ ಹಿಡಿದು, ತೊಳೆಯದೆ.