ವಾಲ್ವ್ ಹಿಂದಿನ ಮನುಷ್ಯ
ಪವರ್ ಸ್ಟೀರಿಂಗ್ ರ‍್ಯಾಕನ್ನು ಮ್ಯಾನ್ಯುಯಲ್ ಮಾಡೋರು ಪಂಪ್ ಕಿತ್ತು, ಪಿಸ್ಟನ್ ಸೀಲ್ ತೆಗೆದು, ವಾಲ್ವ್ ಅಲುಗದ ಹಾಗೆ ವೆಲ್ಡ್ ಮಾಡ್ತಾರೆ. ಆ ವಾಲ್ವ್‌ಗಾಗಿ ಅಮೆರಿಕದ ಫ್ರಾನ್ಸಿಸ್ ಡೇವಿಸ್ ಅರ್ಧ ಆಯಸ್ಸು ಸವೆಸಿದ್ದರು.

ಪಿಯರ್ಸ್-ಆರೋ ಕಂಪನಿಯ ಟ್ರಕ್ ವಿಭಾಗದಲ್ಲಿದ್ದಾಗ ಭಾರಿ ಟ್ರಕ್ ತಿರುಗಿಸೋ ಕಷ್ಟ ಕಣ್ಣಾರೆ ಕಂಡವರು. ಕೆಲಸ ಬಿಟ್ಟು ವಾಲ್ತಮ್‌ನಲ್ಲಿ ಸ್ವಂತ ಪ್ರಯೋಗಕ್ಕೆ ಇಳಿದರು. ಆಗಿನ ಹೈಡ್ರಾಲಿಕ್ಸ್‌ನಲ್ಲಿ ಒತ್ತಡ ಸದಾ ಇರ್ತಿತ್ತು, ಎಣ್ಣೆ ಸೋರ್ತಿತ್ತು. ಇವರು ಉಲ್ಟಾ ಯೋಚಿಸಿದರು: ಎಣ್ಣೆ ಸುಮ್ಮನೆ ಸುತ್ತುತ್ತಿರಲಿ, ಸ್ಟೀರಿಂಗ್ ತಿರುಗಿಸಿದಾಗ ಮಾತ್ರ ವಾಲ್ವ್ ಅದನ್ನು ತಡೆದು ಒತ್ತಡ ಹುಟ್ಟಿಸಲಿ. ಎಂಥ ತಲೆ!

1926ರಲ್ಲಿ ಕಾರಿಗೇ ಕೂರಿಸಿ ತೋರಿಸಿದರು. ಜನರಲ್ ಮೋಟಾರ್ಸ್ ಕೈ ಹಿಡಿಯಿತು. 1934ರಲ್ಲಿ ಖರ್ಚು ಜಾಸ್ತಿ ಅಂತ ಬಿಟ್ಟುಬಿಟ್ಟಿತು. ಕೊನೆಗೆ 1951ರಲ್ಲಿ ಮೊದಲು ಮಾರಿದ್ದು ಕ್ರೈಸ್ಲರ್, ಅದೂ ಅವಧಿ ಮುಗಿದ ಡೇವಿಸ್ ಪೇಟೆಂಟ್‌ಗಳ ಆಧಾರದ ಮೇಲೆ. ಆಮೇಲೆ ಜನರಲ್ ಮೋಟಾರ್ಸ್ ಮತ್ತೆ ಅವರನ್ನೇ ಹುಡುಕಿಕೊಂಡು ಬಂತು. ಡೇವಿಸ್ ತೀರಿಕೊಂಡದ್ದು 1978ರಲ್ಲಿ.