ಯಲ್ಲಾಪ್ರಗಡ ಸುಬ್ಬರಾವ್

ಯಲ್ಲಾಪ್ರಗಡ ಸುಬ್ಬರಾವ್ (1895–1948) ಭಾರತದಲ್ಲಿ ಜನಿಸಿ ಅಮೆರಿಕದಲ್ಲಿ ಸಂಶೋಧನೆ ನಡೆಸಿದ ಜೀವರಸಾಯನ ವಿಜ್ಞಾನಿ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇಂದಿಗೂ ಮಾತ್ರೆಯಾಗಿಯೂ ಚುಚ್ಚುಮದ್ದಾಗಿಯೂ ಬಳಕೆಯಲ್ಲಿರುವ ಮೆಥೊಟ್ರೆಕ್ಸೇಟ್ ಔಷಧದ ಹಿಂದೆ ಅವರ ತಂಡದ ಪರಿಶ್ರಮವಿದೆ.

ಆರಂಭಿಕ ಜೀವನ

ಸುಬ್ಬರಾವ್ ಅವರು ಅಂದಿನ ಮದರಾಸು ಪ್ರಾಂತ್ಯದ ಭೀಮವರಂನಲ್ಲಿ ಜನಿಸಿದರು. ಮದರಾಸು ವೈದ್ಯಕೀಯ ಕಾಲೇಜಿನಲ್ಲಿ ಓದುತ್ತಿದ್ದಾಗ ಗಾಂಧೀಜಿಯವರ ಕರೆಗೆ ಓಗೊಟ್ಟು ಖಾದಿ ನಿಲುವಂಗಿ ತೊಟ್ಟು, ಶಸ್ತ್ರಚಿಕಿತ್ಸಾ ಪ್ರಾಧ್ಯಾಪಕರ ಅಸಮಾಧಾನಕ್ಕೆ ಗುರಿಯಾದರು. ಇದರಿಂದಾಗಿ ಅವರಿಗೆ ಎಂ.ಬಿ.ಬಿ.ಎಸ್. ಪದವಿಯ ಬದಲು ಕೆಳದರ್ಜೆಯ ಎಲ್.ಎಂ.ಎಸ್. ಪ್ರಮಾಣಪತ್ರ ಮಾತ್ರ ದೊರೆಯಿತು. ಬಳಿಕ ಮದರಾಸಿನ ಆಯುರ್ವೇದ ಕಾಲೇಜಿನಲ್ಲಿ ಅಧ್ಯಾಪಕರಾದರು. 1921ರಲ್ಲಿ ಅವರ ಇಬ್ಬರು ಸಹೋದರರು ಕರುಳಿನ ವ್ಯಾಧಿಯಾದ ಸ್ಪ್ರೂಗೆ ಕೆಲವೇ ದಿನಗಳ ಅಂತರದಲ್ಲಿ ಬಲಿಯಾದರು.

ಸಂಶೋಧನೆ

1922ರಲ್ಲಿ ಬಾಸ್ಟನ್ ತಲುಪಿದ ಅವರು, ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಚಾಕರಿ ಮಾಡುತ್ತ ಹಾರ್ವರ್ಡ್‌ನಲ್ಲಿ ವ್ಯಾಸಂಗ ಮುಂದುವರಿಸಿದರು. ಸೈರಸ್ ಫಿಸ್ಕ್ ಅವರೊಂದಿಗೆ ರಂಜಕವನ್ನು ಅಳೆಯುವ ವಿಧಾನವನ್ನು 1925ರಲ್ಲಿ ಪ್ರಕಟಿಸಿದರು. ಸ್ನಾಯುಗಳಲ್ಲಿ ಫಾಸ್ಫೊಕ್ರಿಯಾಟಿನ್ ಮತ್ತು ಎ.ಟಿ.ಪಿ. ಇರುವುದನ್ನೂ ಗುರುತಿಸಿದರು. ಹಾರ್ವರ್ಡ್‌ನಲ್ಲಿ ಕಾಯಂ ಹುದ್ದೆ ದೊರೆಯದೆ, 1940ರಲ್ಲಿ ಲೆಡರ್ಲೆ ಪ್ರಯೋಗಾಲಯವನ್ನು ಸೇರಿದರು.

ಅಲ್ಲಿ ಅವರ ತಂಡವು ಫೋಲಿಕ್ ಆಮ್ಲವನ್ನು ಸಂಶ್ಲೇಷಿಸಿತು. ಸಹೋದರರನ್ನು ಬಲಿತೆಗೆದುಕೊಂಡ ಸ್ಪ್ರೂ ರೋಗದ ಚಿಕಿತ್ಸೆಗೆ ಇದೇ ವಸ್ತು ನೆರವಾಯಿತು. ಫೋಲಿಕ್ ಆಮ್ಲದ ಕಾರ್ಯವನ್ನು ತಡೆಯುವ ಅಮಿನಾಪ್ಟೆರಿನ್ ಹಾಗೂ ಮೆಥೊಟ್ರೆಕ್ಸೇಟ್‌ಗಳೂ ಅಲ್ಲಿಯೇ ತಯಾರಾದವು. ಬಾಸ್ಟನ್‌ನ ವೈದ್ಯ ಸಿಡ್ನಿ ಫಾರ್ಬರ್ ಅವರು ತೀವ್ರ ರಕ್ತಕ್ಯಾನ್ಸರ್‌ನಿಂದ ಬಳಲುತ್ತಿದ್ದ ಮಕ್ಕಳಿಗೆ ಅಮಿನಾಪ್ಟೆರಿನ್ ನೀಡಿ, 16 ಮಕ್ಕಳಲ್ಲಿ 10 ಮಂದಿಯಲ್ಲಿ ತಾತ್ಕಾಲಿಕ ಚೇತರಿಕೆ ಕಂಡುಬಂದುದನ್ನು 1948ರಲ್ಲಿ ವರದಿ ಮಾಡಿದರು. ಆನೆಕಾಲು ರೋಗಕ್ಕೆ ಬಳಸುವ ಹೆಟ್ರಜಾನ್ ಕೂಡ ಸುಬ್ಬರಾವ್ ಅವರ ತಂಡದ ಕೊಡುಗೆ.

ನಂತರದ ಬೆಳವಣಿಗೆ

ಮೆಥೊಟ್ರೆಕ್ಸೇಟ್ ಜೀವಕೋಶಗಳ ವಿಭಜನೆಯನ್ನು ತಡೆಯುವುದರಿಂದ, ಪ್ರಮಾಣ ಹೆಚ್ಚಾದರೆ ಅಸ್ಥಿಮಜ್ಜೆಗೂ ಹಾನಿಯಾಗುತ್ತದೆ. ಮಾತ್ರೆಯ ಪ್ರಮಾಣ ಹೆಚ್ಚಿದಂತೆ ಕರುಳು ಹೀರಿಕೊಳ್ಳುವ ಭಾಗ ಕಡಿಮೆಯಾಗುತ್ತದೆ. ಔಷಧವು ಮುಖ್ಯವಾಗಿ ಮೂತ್ರಪಿಂಡಗಳ ಮೂಲಕ ಹೊರಹೋಗುವುದರಿಂದ, ಒಂದೇ ಪ್ರಮಾಣ ನೀಡಿದರೂ ರಕ್ತದಲ್ಲಿನ ಮಟ್ಟ ರೋಗಿಯಿಂದ ರೋಗಿಗೆ ಬೇರೆಯಾಗುತ್ತದೆ. ಹಲವು ರೋಗಿಗಳ ರಕ್ತಪರೀಕ್ಷೆಯ ಅಂಕಿಅಂಶಗಳನ್ನು ಒಟ್ಟುಗೂಡಿಸಿ, ದೇಹದ ಗಾತ್ರ, ಮೂತ್ರಪಿಂಡದ ಸಾಮರ್ಥ್ಯ ಮುಂತಾದವುಗಳ ಪ್ರಭಾವವನ್ನು ಗಣಿತದ ಮಾದರಿಗಳಿಂದ ಅಂದಾಜಿಸುವ ವಿಧಾನವನ್ನು ಈ ಔಷಧಕ್ಕೂ ಅನ್ವಯಿಸಲಾಗಿದೆ.

ನಿಧನ ಮತ್ತು ಸ್ಮರಣೆ

ಸುಬ್ಬರಾವ್ ಅವರು 1948ರ ಆಗಸ್ಟ್‌ನಲ್ಲಿ, ತಮ್ಮ 53ನೆಯ ವಯಸ್ಸಿನಲ್ಲಿ ನಿಧನರಾದರು. ತಾಯ್ನಾಡಿಗೆ ಅವರು ಮರಳಲೇ ಇಲ್ಲ. ಸುಬ್ಬರೋಮೈಸಿಸ್ ಎಂಬ ಶಿಲೀಂಧ್ರ ಕುಲಕ್ಕೆ ಅವರ ಹೆಸರನ್ನು ಇಡಲಾಗಿದೆ. ಜನ್ಮಶತಮಾನೋತ್ಸವದ ಅಂಗವಾಗಿ 1995ರಲ್ಲಿ ಭಾರತೀಯ ಅಂಚೆ ಇಲಾಖೆಯು ಅವರ ಸ್ಮರಣಾರ್ಥ ಅಂಚೆಚೀಟಿಯನ್ನು ಹೊರತಂದಿತು.