ನೀರಿನ ಹಿಡಿತ ಬಿಡಿಸಿದವನು

ಕಾಪುವಿನ ದೀಪಸ್ತಂಭದ ಬಂಡೆಯ ಮೇಲೆ ಸಂಜೆ ಕುಳಿತವರಿಗೆ ದೋಣಿಗಳು ತೆರೆ ಸೀಳಿ ಕಡಲಿಗಿಳಿಯುವ ನೋಟ ಹೊಸದಲ್ಲ. ೧೯೦೧ರಲ್ಲಿ ಕಟ್ಟಿದ ಆ ಸ್ತಂಭದ ಬುಡದಲ್ಲಿ ನಾನೂ ಎಷ್ಟೋ ಸಂಜೆಗಳನ್ನು ಕಳೆದಿದ್ದೇನೆ. ಆ ದೋಣಿಗಳನ್ನು ಕಂಡಾಗಲೆಲ್ಲ ನನಗೆ ಇಬ್ಬರ ನೆನಪಾಗುತ್ತದೆ. ಒಬ್ಬ, ಅಮೆರಿಕದ ಗ್ಲೆನ್ ಕರ್ಟಿಸ್. ಇನ್ನೊಬ್ಬ, ನನ್ನ ಹಳೆಯ ವಿದ್ಯಾರ್ಥಿ. ಮೊದಲನೆಯವನ ಚರಿತ್ರೆಯನ್ನು ಹೇಳಹೊರಟ ನಾನು ಎರಡನೆಯವನ ಮಾತಿನಿಂದಲೇ ತೊಡಗಬೇಕಾಗಿದೆ.

ಸುಮಾರು ಐವತ್ತು ವರ್ಷಗಳ ಹಿಂದೆ ಕಡಲಕರೆಯ ಒಂದು ಶಾಲೆಯಲ್ಲಿ ನಾನು ವಿಜ್ಞಾನದ ಉಪಾಧ್ಯಾಯನಾಗಿದ್ದೆ. ಒಂದು ದಿನ ಎಂಟನೆಯ ತರಗತಿಯಲ್ಲಿ ರೈಟ್ ಸೋದರರ ಹೆಸರನ್ನೂ ೧೯೦೩ನೆಯ ಇಸವಿಯನ್ನೂ ಕರಿಹಲಗೆಯ ಮೇಲೆ ಬರೆದು, ನೀರಿನ ಮೇಲೆ ಇಳಿಯುವ ವಿಮಾನಗಳೂ ಉಂಟೆಂದು ಒಂದು ಚಿತ್ರ ತೋರಿಸಿದೆ. ಹಿಂದಿನ ಬೆಂಚಿನಿಂದ ಮೊಗವೀರರ ಮನೆಯ ಹುಡುಗನೊಬ್ಬ ಎದ್ದು ನಿಂತ. ದೋಣಿಯನ್ನು ಎಷ್ಟು ಜೋರಾಗಿ ನಡೆಸಿದರೂ ನೀರು ಅದರ ಅಡಿಯನ್ನು ಹಿಡಿದೇ ಇರುತ್ತದೆ, ಹಾಗಿರುವಾಗ ಈ ವಿಮಾನವನ್ನು ನೀರು ಬಿಡುವುದು ಹೇಗೆಂದು ಕೇಳಿದ. ನನಗೆ ಉತ್ತರ ತಿಳಿದಿರಲಿಲ್ಲ. ಅದನ್ನು ಒಪ್ಪಿಕೊಳ್ಳುವ ಬದಲು, ಪರೀಕ್ಷೆಗೆ ಬಾರದ ಪ್ರಶ್ನೆ ಕೇಳಿ ಹೊತ್ತು ಕೆಡಿಸಬೇಡವೆಂದು ಗದರಿಸಿ ಕೂರಿಸಿದೆ. ಮಕ್ಕಳು ನಕ್ಕರು. ಆ ವರ್ಷ ಮುಗಿದ ಮೇಲೆ ಅವನು ಶಾಲೆಗೆ ಬರಲಿಲ್ಲ. ತಂದೆಯ ದೋಣಿ ಹತ್ತಿದನೆಂದು ತಿಳಿಯಿತು. ಅದಕ್ಕೆ ನನ್ನ ಗದರಿಕೆಯೇ ಕಾರಣವೆಂದು ಹೇಳಲಾರೆ. ಅಲ್ಲವೆಂದು ಹೇಳುವ ಧೈರ್ಯವೂ ನನಗಿಲ್ಲ.

ಉತ್ತರ ದೊರೆತದ್ದು ನಾನು ನಿವೃತ್ತನಾಗಿ ಮಣಿಪಾಲದಲ್ಲಿ ನೆಲಸಿದ ಮೇಲೆ. ಕೆನಡಾದ ವ್ಯಾಂಕೂವರಿನಲ್ಲಿದ್ದ ತಂಗಿಯ ಮಗ ಒಂದು ಬೇಸಗೆಯಲ್ಲಿ ನನ್ನನ್ನು ಕರೆಸಿಕೊಂಡು, ರಸ್ತೆಯೇ ಇಲ್ಲದ ಕಾಡಿನ ನಡುವಣ ಒಂದು ಮರದ ಬಿಡಾರಕ್ಕೆ ಜಲವಿಮಾನದಲ್ಲಿ ಕರೆದೊಯ್ದ. ಬಂದರಿನ ಕಟ್ಟೆಗೆ ಹಗ್ಗದಿಂದ ಕಟ್ಟಿದ್ದ ಆ ಪುಟ್ಟ ವಿಮಾನಕ್ಕೆ ಚಕ್ರಗಳ ಬದಲು ದೋಣಿಯಾಕಾರದ ಎರಡು ಪಾದಗಳಿದ್ದವು. ದಡಕ್ಕೆ ಎಳೆದಿಟ್ಟಿದ್ದ ಇನ್ನೊಂದು ವಿಮಾನದ ಪಾದಗಳನ್ನು ಬಾಗಿ ನೋಡಿದೆ. ಅವುಗಳ ಅಡಿ ಉದ್ದಕ್ಕೂ ಸಮನಾಗಿರಲಿಲ್ಲ. ನಡುವೆ ಒಂದು ಮೆಟ್ಟಿಲಿನಂತೆ ಥಟ್ಟನೆ ಮೇಲಕ್ಕೆ ಕತ್ತರಿಸಿತ್ತು. ನೀರು ಕೈಬಿಡುವುದು ಅಲ್ಲಿಂದಲೇ ಎಂದೂ, ಆ ಮೆಟ್ಟಿಲನ್ನು ಕಂಡುಕೊಂಡವರಲ್ಲಿ ಕರ್ಟಿಸ್ ಮುಖ್ಯನೆಂದೂ ವಿಮಾನಚಾಲಕ ಹೇಳಿದ. ಕಾರ್ಕಳದ ರಾಮಸಮುದ್ರದಲ್ಲಿ ನೀರುಕಾಗೆ ರೆಕ್ಕೆ ಬಡಿಯುತ್ತ ನೀರಿನ ಮೇಲೆ ಓಡಿ ಏಳುವುದನ್ನು ಕಂಡವರಿಗೆ ಆ ಏರಾಟವನ್ನು ವರ್ಣಿಸಬೇಕಾಗಿಲ್ಲ. ಹಿಮದ ಶಿಖರಗಳು, ದೇವದಾರುಗಳಿಂದ ಕಪ್ಪಾದ ಕಣಿವೆಗಳು, ಕಡಲಿನ ಕಿರುಚಾಚುಗಳು, ಎಲ್ಲವನ್ನೂ ಕಂಡೆ. ಆದರೆ ಆ ರಾತ್ರಿ ಬಿಡಾರದ ನಿಶ್ಶಬ್ದದಲ್ಲಿ ನನ್ನನ್ನು ಎಚ್ಚರವಾಗಿಟ್ಟುದು ಹುಡುಗನ ಪ್ರಶ್ನೆ. ಊರಿಗೆ ಮರಳಿದವನೇ ಉಡುಪಿ ಮಣಿಪಾಲಗಳಲ್ಲಿ ಸಿಕ್ಕ ಪುಸ್ತಕಗಳಿಂದ ಕರ್ಟಿಸನ ಬಾಳನ್ನು ಅರಸಿ ಓದಿದೆ.

ಕರ್ಟಿಸ್ ಹುಟ್ಟಿದ್ದು ೧೮೭೮ರ ಮೇ ೨೧ರಂದು, ನ್ಯೂಯಾರ್ಕ್ ಸಂಸ್ಥಾನದ ಕ್ಯೂಕಾ ಸರೋವರದ ತೀರದಲ್ಲಿರುವ ಹ್ಯಾಮಂಡ್ಸ್‌ಪೋರ್ಟ್ ಎಂಬ ದ್ರಾಕ್ಷಿ ಬೆಳೆಯುವ ಊರಿನಲ್ಲಿ. ತಂದೆ ಚಿಕ್ಕಂದಿನಲ್ಲೇ ತೀರಿಕೊಂಡ. ತಂಗಿ ಕಾಯಿಲೆಯಿಂದ ಕಿವಿ ಕಳೆದುಕೊಂಡಳು. ಅವನ ಶಾಲೆ ಎಂಟನೆಯ ತರಗತಿಗೇ ಮುಗಿಯಿತು. ಇದನ್ನು ಓದಿದಾಗ ನಾನು ಪುಸ್ತಕವನ್ನು ಸ್ವಲ್ಪ ಹೊತ್ತು ಮುಚ್ಚಿಟ್ಟೆನೆಂಬುದನ್ನು ಓದುಗರಲ್ಲಿ ಮುಚ್ಚಿಡಲಾರೆ. ಛಾಯಾಚಿತ್ರದ ಕಾರ್ಖಾನೆಯಲ್ಲಿ ದುಡಿದು, ಸೈಕಲ್ ಮೇಲೆ ತಂತಿ ಹಂಚಿ, ಸೈಕಲ್ ಪಂದ್ಯಗಳಲ್ಲಿ ಗೆದ್ದು, ಕೊನೆಗೆ ಅವನು ಸೈಕಲ್ ಅಂಗಡಿ ತೆರೆದ. ಸೈಕಲಿಗೆ ಎಂಜಿನ್ ಜೋಡಿಸುವ ಹುಚ್ಚು ಹತ್ತಿದಾಗ, ಗಾಳಿ ಎಣ್ಣೆಗಳನ್ನು ಬೆರಸುವ ಸಾಧನವನ್ನು ಟೊಮೇಟೊ ಡಬ್ಬಿಯಿಂದ ಮಾಡಿಕೊಂಡ. ೧೯೦೭ರ ಜನವರಿಯಲ್ಲಿ ಫ್ಲಾರಿಡಾದ ಮರಳ ದಂಡೆಯ ಮೇಲೆ ಅವನ ಮೋಟಾರ್ ಸೈಕಲ್ ಗಂಟೆಗೆ ೧೩೬ ಮೈಲಿ ವೇಗದಲ್ಲಿ ಓಡಿತು.

ಅವನ ಎಂಜಿನುಗಳ ಕೀರ್ತಿ ಟೆಲಿಫೋನಿನ ನಿರ್ಮಾತೃ ಅಲೆಗ್ಸಾಂಡರ್ ಗ್ರಹಾಂ ಬೆಲ್ಲನನ್ನು ಮುಟ್ಟಿತು. ೧೯೦೭ರಲ್ಲಿ ಬೆಲ್ ಕಟ್ಟಿದ ವಾಯುಯಾನ ಪ್ರಯೋಗ ಸಂಘಕ್ಕೆ ಹಣ ಕೊಟ್ಟವಳು ಅವನ ಪತ್ನಿ ಮೇಬಲ್; ಆಕೆಯೂ ಕಿವುಡಿ. ಆ ಸಂಘದ ಜೂನ್ ಬಗ್ ಎಂಬ ವಿಮಾನವನ್ನು ಕರ್ಟಿಸ್ ೧೯೦೮ರ ಜುಲೈ ೪ರಂದು ಜನಸಮೂಹದ ಮುಂದೆ ಒಂದು ಕಿಲೋಮೀಟರಿಗೂ ಮಿಗಿಲಾಗಿ ಹಾರಿಸಿ ಪಾರಿತೋಷಕ ಗೆದ್ದ.

ಗುಡ್ಡಗಳ ನಡುವಣ ಅವನ ಊರಿನಲ್ಲಿ ಸಮತಟ್ಟು ನೆಲ ವಿರಳ, ನೀರಾದರೋ ಮೈಲಿಗಟ್ಟಲೆ. ಅದೇ ವರ್ಷದ ನವೆಂಬರಿನಲ್ಲಿ ಜೂನ್ ಬಗ್ಗಿಗೆ ತೇಲುವ ಪಾದಗಳನ್ನು ಕಟ್ಟಿ ಸರೋವರಕ್ಕಿಳಿಸಿದರು. ವಿಮಾನ ಓಡಿತು, ಏಳಲಿಲ್ಲ. ನೀರು ಬಿಡಲಿಲ್ಲ. ನೀರಿನಿಂದ ಮೊದಲು ಎದ್ದವನೆಂಬ ಕೀರ್ತಿ ಫ್ರಾನ್ಸಿನ ಆನ್ರಿ ಫಾಬ್ರನದು. ಅವನು ೧೯೧೦ರ ಮಾರ್ಚ್ ೨೮ರಂದು ಮಾರ್ತಿಗ್ ಎಂಬಲ್ಲಿ ಅದನ್ನು ಸಾಧಿಸಿದ. ಕರ್ಟಿಸನಿಗೆ ಅದು ಸಿದ್ಧಿಸಿದ್ದು ೧೯೧೧ರ ಜನವರಿ ೨೬ರಂದು, ಸಾನ್ ಡೀಗೋ ಕೊಲ್ಲಿಯಲ್ಲಿ. ಮುಂದಿನ ವರ್ಷ ಅವನು ಇಡೀ ಒಡಲೇ ದೋಣಿಯಾದ ವಿಮಾನವನ್ನು ಕಟ್ಟಿದಾಗ ಹಳೆಯ ತೊಡಕು ಮತ್ತೆ ಎದುರಾಯಿತು. ಕರ್ಟಿಸ್ ಯಂತ್ರದೋಣಿಯೊಂದರಲ್ಲಿ ಪಕ್ಕದಲ್ಲೇ ಸಾಗುತ್ತ ಅದರ ಅಡಿಯನ್ನು ದಿಟ್ಟಿಸಿ ನೋಡಿದ. ನುಣುಪಾದ ತಳಕ್ಕೆ ನೀರು ಕೊನೆಯವರೆಗೂ ಅಂಟಿಕೊಂಡು ಕೆಳಕ್ಕೆ ಸೆಳೆಯುತ್ತಿತ್ತು. ತಳಕ್ಕೆ ಮರದ ತುಂಡುಗಳನ್ನು ಜೋಡಿಸಿ ನಡುವೆ ಒಂದು ಮೆಟ್ಟಿಲನ್ನು ಮಾಡಿದ. ಆ ಅಂಚಿನ ಹಿಂದೆ ಗಾಳಿ ನುಗ್ಗಿತು, ನೀರು ಬಿಟ್ಟಿತು, ವಿಮಾನ ಎದ್ದಿತು. ಹುಡುಗ ಕೇಳಿದ ಪ್ರಶ್ನೆಯೇ ಇದು. ಉತ್ತರ ಬಂದದ್ದೂ ಹುಡುಗನಂತೆಯೇ ದೋಣಿಯ ಅಡಿಯನ್ನು ನೋಡಿದವನಿಂದ.

ಮಹನೀಯರ ಚರಿತ್ರೆಯಲ್ಲಿ ಕಳಂಕವನ್ನು ಮರೆಸುವುದು ನಮ್ಮ ಅಭ್ಯಾಸ. ಅದು ಸಲ್ಲದು. ತಮ್ಮ ಹಕ್ಕನ್ನು ಕರ್ಟಿಸ್ ಕಸಿದನೆಂದು ರೈಟ್ ಸೋದರರು ಹೂಡಿದ ವ್ಯಾಜ್ಯ ವರ್ಷಗಟ್ಟಲೆ ನಡೆದು ೧೯೧೪ರಲ್ಲಿ ಅವರ ಪರವಾಗಿ ತೀರ್ಮಾನವಾಯಿತು. ಅದೇ ವರ್ಷ ಕರ್ಟಿಸ್, ೧೯೦೩ರಲ್ಲಿ ಹಾರಲಾರದೆ ನದಿಗೆ ಬಿದ್ದಿದ್ದ ಲ್ಯಾಂಗ್ಲಿಯ ವಿಮಾನವನ್ನು ಅನೇಕ ಮಾರ್ಪಾಡುಗಳೊಡನೆ ಕ್ಯೂಕಾ ಸರೋವರದಿಂದ ಹಾರಿಸಿದ. ರೈಟರಿಗಿಂತ ಮೊದಲೇ ಹಾರಬಲ್ಲ ಯಂತ್ರವಿತ್ತೆಂದು ಸ್ಮಿತ್ಸೋನಿಯನ್ ಸಂಸ್ಥೆ ಅದರ ಆಧಾರದ ಮೇಲೆ ಸಾರಿತು. ಮಾರ್ಪಾಡುಗಳನ್ನು ಪ್ರಕಟವಾಗಿ ಒಪ್ಪಿಕೊಂಡದ್ದು ೧೯೪೨ರಲ್ಲಿ. ಬಲ್ಲವನೂ ತಿಳಿಯದವನೂ ತಪ್ಪೊಪ್ಪಿಕೊಳ್ಳಲು ತಡಮಾಡುವುದು ಒಂದೇ ಕಾರಣಕ್ಕೆ ಎಂಬುದನ್ನು ನಾನು ಅನುಭವದಿಂದ ಬಲ್ಲೆ.

೧೯೧೯ರ ಮೇ ತಿಂಗಳಲ್ಲಿ ಅವನ ಕಾರ್ಖಾನೆ ಅಮೆರಿಕದ ನೌಕಾಪಡೆಯೊಡನೆ ರಚಿಸಿದ ಎನ್‌ಸಿ-೪ ಎಂಬ ಹಾರುವ ದೋಣಿ, ನಡುವೆ ದ್ವೀಪಗಳಲ್ಲಿ ತಂಗುತ್ತ ಅಟ್ಲಾಂಟಿಕನ್ನು ದಾಟಿ ಲಿಸ್ಬನ್ನನ್ನು ಸೇರಿತು. ಆ ಸಾಗರವನ್ನು ವಿಮಾನವೊಂದು ದಾಟಿದ್ದು ಅದೇ ಮೊದಲು. ೧೯೨೯ರಲ್ಲಿ ಕರ್ಟಿಸ್ ಮತ್ತು ರೈಟ್ ಹೆಸರಿನ ಸಂಸ್ಥೆಗಳು ಒಂದಾದವು. ಮನುಷ್ಯರು ಮಾಡಿಕೊಳ್ಳಲಾರದ ರಾಜಿಯನ್ನು ವ್ಯಾಪಾರ ಮಾಡಿತು. ಮರುವರ್ಷ ಜುಲೈ ೨೩ರಂದು, ಕರುಳಿನ ಶಸ್ತ್ರಚಿಕಿತ್ಸೆಯ ಬಳಿಕ, ಕರ್ಟಿಸ್ ಐವತ್ತೆರಡನೆಯ ವಯಸ್ಸಿಗೇ ತೀರಿಕೊಂಡ.

ಅವನ ಹೆಸರು ಕನ್ನಡ ನಾಡಿಗೂ ಬಂದುದುಂಟು. ೧೯೪೦ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯಿಂದ ೧೯೪೨ರಲ್ಲಿ ಕರ್ಟಿಸ್ ಹಾಕ್ ವಿಮಾನ ಹಾರಿತು. ಯುದ್ಧಕಾಲದಲ್ಲಿ ರಿಪೇರಿಗೆ ಬರುತ್ತಿದ್ದ ಕ್ಯಾಟಲಿನಾ ಎಂಬ ಹಾರುವ ದೋಣಿಗಳು ಬೆಳ್ಳಂದೂರು ಕೆರೆಯ ನೀರಿನ ಮೇಲೆ ಇಳಿಯುತ್ತಿದ್ದವು.

ಕಳೆದ ವರ್ಷ ಮಲ್ಪೆಯ ಬಂದರಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯನ್ನು ಹುಡುಕಿ ಕಂಡೆ. ತಾಂಡೇಲನಾಗಿ ಬಹುಕಾಲ ಕಡಲಲ್ಲಿ ದುಡಿದು ಈಗ ದಡ ಸೇರಿದ್ದಾನೆ. ಮರಳಿನ ಮೇಲೆ ಮೆಟ್ಟಿಲಿನ ಚಿತ್ರ ಬರೆದು, ಐವತ್ತು ವರ್ಷ ತಡವಾದ ಉತ್ತರವನ್ನು ಒಪ್ಪಿಸಿದೆ. ಅವನು ವಿನಯದಿಂದ ಕೇಳಿದ. ತನ್ನ ಪ್ರಶ್ನೆ ಅವನಿಗೆ ಮರೆತಿತ್ತು. ಮಕ್ಕಳು ನಕ್ಕದ್ದು ಮಾತ್ರ ನೆನಪಿತ್ತು. ಬಳಿಕ ಮೊಮ್ಮಗನನ್ನು ಕರೆದು, ಅವನಿಗೂ ಒಮ್ಮೆ ಹೇಳಬೇಕೆಂದ. ಹೇಳಿದೆ. ಅಲೆ ಎದ್ದಿರುವಾಗ ಆ ವಿಮಾನ ಇಳಿಯುವುದು ಹೇಗೆಂದು ಆ ಹುಡುಗ ಕೇಳಿದ. ನನಗೆ ತಿಳಿಯದು, ಓದಿ ಬಂದು ಹೇಳುತ್ತೇನೆ ಎಂದೆ.